ಓರೆ ಅಕ್ಷರ ಇಂಗ್ಲಿಷಿಗೆ ಅಂದ, ಕನ್ನಡಕ್ಕೆ ಯಾಕೆ ತೊಂದರೆ? ‘ದೊಡ್ಡಆಲಹಳ್ಳಿ’ ಹೆಸರಲ್ಲೇ ಇದೆ ಉತ್ತರ

ದೊಡ್ಡಆಲಹಳ್ಳಿ (ಕನಕಪುರ): ಕನಕಪುರದಿಂದ ಸಂಗಮ, ಮೇಕೆದಾಟು ಕಡೆ ಹೋಗುವ ರಸ್ತೆಯಲ್ಲಿ ಅಂಗಡಿ ಬೋರ್ಡು, ಫ್ಲೆಕ್ಸು, ದಾರಿ ತೋರಿಸುವ ಫಲಕಗಳನ್ನು ಒಮ್ಮೆ ಗಮನಿಸಿ ನೋಡಿ. ಕೆಲವು ಅಕ್ಷರ ನೆಟ್ಟಗೆ ನಿಂತಿರುತ್ತವೆ, ಕೆಲವು ಬಲಕ್ಕೆ ವಾಲಿರುತ್ತವೆ. ‘ಸ್ವಲ್ಪ ಸ್ಟೈಲಾಗಿ ಹಾಕಿ’ ಅಂತ ಗಿರಾಕಿ ಹೇಳಿದರೆ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಮೊದಲು ಆಗುವ ಕೆಲಸವೇ ಅಕ್ಷರವನ್ನು ವಾಲಿಸುವುದು. ಒಂದು ಗುಂಡಿ ಒತ್ತಿದರೆ ಮುಗೀತು, ಅಕ್ಷರ ಓಡುತ್ತಿರುವಂತೆ ಕಾಣುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಇಟಾಲಿಕ್ ಅನ್ನುತ್ತಾರೆ. ಕನ್ನಡದಲ್ಲಿ ಓರೆ ಅಕ್ಷರ ಅನ್ನಬಹುದು. ಇಂಗ್ಲಿಷ್ ಬೋರ್ಡಿನಲ್ಲಿ ಅಂದವಾಗಿ ಕಾಣುವ ಇದೇ ಓರೆ, ಕನ್ನಡಕ್ಕೆ ಬಂದಾಗ ಯಾಕೆ ಕಣ್ಣಿಗೆ ಕಸಿವಿಸಿ ಮಾಡುತ್ತದೆ? ಗುಂಡಿ ಒತ್ತಿದಾಗ ಒಳಗೆ ನಡೆಯುವುದಾದರೂ ಏನು? ಹೊಸ ಬೋರ್ಡು ಬರೆಸುವ ಅಂಗಡಿಯವರು, ಲಗ್ನಪತ್ರಿಕೆ ಅಚ್ಚು ಹಾಕಿಸುವವರು, ಶಾಲೆಯ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಮೇಷ್ಟ್ರುಗಳು ಎಲ್ಲರಿಗೂ ಉಪಯೋಗಕ್ಕೆ ಬರುವ ವಿಷಯ ಇದು.

ಈಗ ಯಾಕೆ ಈ ಮಾತು?

ಜಿಲ್ಲೆಯಲ್ಲಿ ಬೋರ್ಡು ಬದಲಾಗುವ ಕಾಲ ಇದು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಆಯಿತು. ಅದರ ಪ್ರಕಾರ ಅಂಗಡಿ, ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲಿ. ಅದರ ಬೆನ್ನಿಗೇ 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೆಸರು ಬದಲಾದರೆ ಬೋರ್ಡು, ಲೆಟರ್‌ಹೆಡ್ಡು, ಸೀಲು ಎಲ್ಲವನ್ನೂ ಮತ್ತೆ ಮಾಡಿಸಬೇಕು.

ಕಾನೂನು ಕನ್ನಡಕ್ಕೆ ಜಾಗ ಕೊಡಿಸುತ್ತದೆ. ಆ ಜಾಗದಲ್ಲಿ ಬರೆದದ್ದು ಓದುವ ಹಾಗಿರಬೇಕಲ್ವಾ? ಅದು ಬರೆಸುವವರ ಮತ್ತು ಬರೆಯುವವರ ಕೈಲಿದೆ.

ಇಟಾಲಿಕ್ ಹುಟ್ಟಿದ್ದು ಕೈಬರಹದಿಂದ

ಇಟಾಲಿಕ್ ಅಂದರೆ ಇಟಲಿಯದು ಅಂತ ಅರ್ಥ. ಕ್ರಿ.ಶ. 1501ರಲ್ಲಿ ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್ ಅಲ್ಲಿನ ಹಳೆಯ ಕವಿ ವರ್ಜಿಲನ ಕೃತಿಯನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕವಾಗಿ ಅಚ್ಚು ಮಾಡಿದ. ಇಡೀ ಪುಸ್ತಕ ಇದ್ದದ್ದು ಓರೆ ಅಕ್ಷರದಲ್ಲೇ. ಆ ಅಚ್ಚುಮೊಳೆಗಳನ್ನು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಆ ಕಾಲದ ವಿದ್ವಾಂಸರು ವೇಗವಾಗಿ ಬರೆಯುತ್ತಿದ್ದ ಕೈಬರಹವನ್ನು ನೋಡಿ ಆತ ಅದನ್ನು ಲೋಹಕ್ಕೆ ಇಳಿಸಿದ. ವಿಶೇಷ ಏನಪ್ಪಾ ಅಂದರೆ, ಆಗ ಸಣ್ಣ ಅಕ್ಷರಗಳು ಮಾತ್ರ ಓರೆಯಾಗಿದ್ದವು, ದೊಡ್ಡಕ್ಷರಗಳು ನೆಟ್ಟಗೇ ಇದ್ದವು.

ಅಂದರೆ ಇಟಾಲಿಕ್ ಎಂಬುದು ನೆಟ್ಟಗಿನ ಅಕ್ಷರವನ್ನು ತಳ್ಳಿ ವಾಲಿಸಿದ್ದಲ್ಲ. ಅದು ಬೇರೆಯದೇ ಒಂದು ಬರವಣಿಗೆ. ಕೈ ಓಡುವಾಗ ಅಕ್ಷರ ಕಿರಿದಾಗುತ್ತದೆ, ಒಂದಕ್ಕೊಂದು ಹತ್ತಿರ ಬರುತ್ತದೆ, ಕೆಲವು ಅಕ್ಷರಗಳ ರೂಪವೇ ಬದಲಾಗುತ್ತದೆ. ವಾಲುವುದು ಅದರ ಜೊತೆಗೆ ಬಂದ ಒಂದು ಗುಣ ಅಷ್ಟೇ.

ಕಾಲ ಕಳೆದಂತೆ ಇಡೀ ಪುಸ್ತಕವನ್ನು ಇಟಾಲಿಕ್‌ನಲ್ಲಿ ಅಚ್ಚು ಹಾಕುವ ರೂಢಿ ಹೋಯಿತು. ನೆಟ್ಟಗಿನ ಅಕ್ಷರದ ಮಧ್ಯೆ ಒಂದೆರಡು ಪದವನ್ನು ಬೇರೆಯಾಗಿ ತೋರಿಸಲು ಮಾತ್ರ ಅದನ್ನು ಬಳಸತೊಡಗಿದರು. ಇವತ್ತಿಗೂ ಅದೇ ಅದರ ಮುಖ್ಯ ಕೆಲಸ.

ಪಾದವಿಲ್ಲದ ಅಕ್ಷರಕ್ಕೂ ಬಂತು ಓರೆ

ಇಂಗ್ಲಿಷ್ ಪತ್ರಿಕೆಯ ಅಕ್ಷರಗಳ ತುದಿಯಲ್ಲಿ ಸಣ್ಣ ಪಾದದಂಥ ಗೆರೆ ಇರುತ್ತದೆ. ಅದನ್ನು ಸೆರಿಫ್ ಅನ್ನುತ್ತಾರೆ. ಆ ಪಾದ ಇಲ್ಲದೆ ಬೋಳಾಗಿ ಇರುವುದೇ ಸ್ಯಾನ್ಸ್ ಸೆರಿಫ್. ಮೊಬೈಲ್, ಬಸ್ಸಿನ ಬೋರ್ಡು, ಎಟಿಎಂ ಪರದೆ ಎಲ್ಲದರಲ್ಲೂ ಈಗ ಇದೇ ಜಾತಿ. ಅಚ್ಚುಮೊಳೆಯಾಗಿ ಇದು ಮೊದಲು ಕಂಡದ್ದು 1816ರಲ್ಲಿ, ಲಂಡನ್ನಿನ ಕ್ಯಾಸ್ಲನ್ ಅಚ್ಚುಮೊಳೆ ಕಾರ್ಖಾನೆಯ ಮಾದರಿ ಪುಸ್ತಕದಲ್ಲಿ.

ಪಾದವಿಲ್ಲದ ಅಕ್ಷರಕ್ಕೆ ಓರೆ ರೂಪ ಕೊಡುವಾಗ ವಿನ್ಯಾಸಗಾರರು ಎರಡು ದಾರಿ ಹಿಡಿದರು.

ಒಂದು, ನೆಟ್ಟಗಿನ ರೂಪವನ್ನೇ ವಾಲಿಸಿ ತಿದ್ದುವುದು. 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಂದು, ಆಮೇಲೆ ಹೆಲ್ವೆಟಿಕಾ ಅನ್ನೋ ಹೆಸರು ಪಡೆದ ಅಕ್ಷರ ಈ ದಾರಿಯದು. ಅದರ ಓರೆ ರೂಪದಲ್ಲಿ ಸಣ್ಣ ‘ಎ’ ಅಕ್ಷರ ನೆಟ್ಟಗಿದ್ದಾಗ ಹೇಗಿತ್ತೋ ಹಾಗೇ ಇದೆ, ವಾಲಿದೆ ಅಷ್ಟೇ. ಇದಕ್ಕೆ ಒಬ್ಲೀಕ್ ಎಂಬ ಹೆಸರೂ ಇದೆ.

ಎರಡು, ಕೈಬರಹದ ನೆನಪು ಇಟ್ಟುಕೊಂಡು ಹೊಸದಾಗಿ ಬರೆಯುವುದು. 1928ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಗಿಲ್ ಸ್ಯಾನ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ವಿನ್ಯಾಸಗಾರ ಎರಿಕ್ ಗಿಲ್. ನೆಟ್ಟಗಿನ ರೂಪದಲ್ಲಿ ಸಣ್ಣ ‘ಎ’ ಎರಡು ಅಂತಸ್ತಿನ ಅಕ್ಷರ, ಮೇಲೊಂದು ಕೊಕ್ಕೆ, ಕೆಳಗೊಂದು ಹೊಟ್ಟೆ. ಓರೆ ರೂಪದಲ್ಲಿ ಅದು ನಾವು ಪೆನ್ನಲ್ಲಿ ಬರೆಯುವ ಒಂದೇ ಹೊಟ್ಟೆಯ ‘ಎ’ ಆಗುತ್ತದೆ. 2007ರ ಆಫೀಸ್ ತಂತ್ರಾಂಶದಿಂದ ಮುಂದೆ ಬಹಳ ವರ್ಷ ಎಲ್ಲರ ಕಂಪ್ಯೂಟರಲ್ಲಿ ತಾನಾಗೇ ಬರುತ್ತಿದ್ದ ಕ್ಯಾಲಿಬ್ರಿ ಕೂಡ ಇದೇ ದಾರಿಯದು. ನಿಮ್ಮ ಕಂಪ್ಯೂಟರ್‌ನಲ್ಲೇ ಬೇಕಾದರೆ ಒಮ್ಮೆ ಹಾಕಿ ನೋಡಬಹುದು.

ಬರೀ ವಾಲಿಸಿದರೆ ಆಗೋದೇನು?

ಗಾಡಿಯ ಟೈರನ್ನು ನೆನಪು ಮಾಡಿಕೊಳ್ಳಿ. ಸುತ್ತಲೂ ಒಂದೇ ದಪ್ಪ. ಇದನ್ನು ಕಾಗದದ ಮೇಲೆ ಬರೆದು, ಕೆಳಗಿನ ಭಾಗ ಹಿಡಿದುಕೊಂಡು ಮೇಲಿನ ಭಾಗವನ್ನು ಬಲಕ್ಕೆ ಎಳೆದರೆ ಏನಾಗುತ್ತದೆ? ವೃತ್ತ ಹೋಗಿ ಓರೆ ಮೊಟ್ಟೆ ಆಗುತ್ತದೆ. ಅಷ್ಟೇ ಅಲ್ಲ, ಮೇಲಿನ ಬಲಮೂಲೆಯಲ್ಲೂ ಕೆಳಗಿನ ಎಡಮೂಲೆಯಲ್ಲೂ ಗೆರೆ ದಪ್ಪ ಆಗುತ್ತದೆ. ಮೇಲಿನ ಎಡಮೂಲೆ, ಕೆಳಗಿನ ಬಲಮೂಲೆಯಲ್ಲಿ ತೆಳ್ಳಗಾಗುತ್ತದೆ. ಒಂದೇ ದಪ್ಪದ ಗೆರೆ ಈಗ ಎಲ್ಲೋ ಊದಿಕೊಂಡು ಎಲ್ಲೋ ಸವೆದ ಹಾಗೆ ಕಾಣುತ್ತದೆ.

ಒಳ್ಳೆ ಓರೆ ಫಾಂಟ್ ಮಾಡುವವರು ಇದನ್ನೆಲ್ಲ ಕೈಯಾರೆ ತಿದ್ದುತ್ತಾರೆ. ಊದಿದ ಕಡೆ ಕೆತ್ತುತ್ತಾರೆ, ಸವೆದ ಕಡೆ ತುಂಬುತ್ತಾರೆ. ಅಕ್ಷರ ಅಕ್ಷರದ ನಡುವಿನ ಅಂತರವನ್ನು ಮತ್ತೆ ಅಳೆಯುತ್ತಾರೆ. ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಒಳಗೆ ವಾಲಿಸುತ್ತಾರೆ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ.

ಕಂಪ್ಯೂಟರ್ ಮಾತ್ರ ಇದ್ಯಾವುದನ್ನೂ ಮಾಡುವುದಿಲ್ಲ. ಫಾಂಟಿನಲ್ಲಿ ಓರೆ ರೂಪ ಇಲ್ಲದಿದ್ದರೆ ಅದು ಇರುವುದನ್ನೇ ತಳ್ಳಿ ವಾಲಿಸುತ್ತದೆ. ವೆಬ್ ಪುಟಗಳ ಮಾನದಂಡದಲ್ಲಿ ಇಂಥ ಓರೆಗೆ ಇಟ್ಟಿರುವ ರೂಢಿ ಕೋನ 14 ಡಿಗ್ರಿ. 100 ಮಿಲಿಮೀಟರ್ ಎತ್ತರದ ಅಕ್ಷರವನ್ನು 14 ಡಿಗ್ರಿ ವಾಲಿಸಿದರೆ ಅದರ ತಲೆ ಸುಮಾರು 25 ಮಿಲಿಮೀಟರ್ ಬಲಕ್ಕೆ ಸರಿಯುತ್ತದೆ. ಒಂದು ಅಡಿ ಎತ್ತರದ ಬೋರ್ಡಿನ ಅಕ್ಷರ ಆದರೆ ಮೂರು ಇಂಚು.

ಇಂಗ್ಲಿಷ್ ಅಕ್ಷರಗಳಲ್ಲಿ ನೆಟ್ಟ ಗೆರೆಗಳು ಬಹಳ. ಹಂಗಾಗಿ ಈ ಯಂತ್ರದ ಓರೆಯನ್ನೂ ಅವು ಹೇಗೋ ತಡೆದುಕೊಳ್ಳುತ್ತವೆ. ಕನ್ನಡದ ಕಥೆ ಬೇರೆ. ನಮ್ಮ ಅಕ್ಷರಗಳೆಲ್ಲ ದುಂಡು. ಟೈರಿಗೆ ಆದದ್ದು ನಮ್ಮ ಬಹುಪಾಲು ಅಕ್ಷರಕ್ಕೂ ಆಗುತ್ತದೆ.

ಊರ ಹೆಸರಲ್ಲೇ ಪರೀಕ್ಷೆ

ಈಗ ‘ದೊಡ್ಡಆಲಹಳ್ಳಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದರೆ 13 ಅಕ್ಷರ. ಆ 13ರಲ್ಲಿ ಒಂದಾದರೂ ಗೆರೆಯಿಂದ ಕೆಳಗೆ ಇಳಿಯುವುದಿಲ್ಲ. ಎಲ್ಲವೂ ಒಂದೇ ನೆಲದ ಮೇಲೆ ನಿಂತಿವೆ. ವಾಲಿಸಿದರೆ ಸಾಲಾಗಿ ನಿಂತ ಪೈರು ಗಾಳಿಗೆ ಬಾಗಿದ ಹಾಗೆ ಎಲ್ಲ ಒಟ್ಟಿಗೆ ಬಾಗುತ್ತವೆ.

ಕನ್ನಡದಲ್ಲಿ ಬರೆದರೆ ಆರೇ ಅಕ್ಷರ: ದೊ, ಡ್ಡ, ಆ, ಲ, ಹ, ಳ್ಳಿ. ಆದರೆ ಅದರಲ್ಲಿ ಎರಡು ಒತ್ತಕ್ಷರ ಇವೆ. ಕೊನೆಯ ‘ಳ್ಳಿ’ಯನ್ನೇ ನೋಡಿ. ನಡುವೆ ‘ಳ’, ತಲೆ ಮೇಲೆ ಗುಡಿಸು, ಬುಡದಲ್ಲಿ ಒತ್ತು. ಮೂರು ಅಂತಸ್ತಿನ ಅಕ್ಷರ.

ಗೆರೆಯನ್ನು ಹಿಡಿದು ವಾಲಿಸಿದಾಗ ಗೆರೆಯ ಮೇಲಿರುವುದೆಲ್ಲ ಬಲಕ್ಕೆ ಹೋಗುತ್ತದೆ, ಕೆಳಗಿರುವುದೆಲ್ಲ ಎಡಕ್ಕೆ ಬರುತ್ತದೆ. 100 ಮಿಲಿಮೀಟರ್ ಎತ್ತರದಲ್ಲಿರುವ ಗುಡಿಸು 25 ಮಿಲಿಮೀಟರ್ ಬಲಕ್ಕೆ ಹೋದರೆ, 40 ಮಿಲಿಮೀಟರ್ ಕೆಳಗಿರುವ ಒತ್ತು 10 ಮಿಲಿಮೀಟರ್ ಎಡಕ್ಕೆ ಸರಿಯುತ್ತದೆ. ಒಂದೇ ಅಕ್ಷರದ ತಲೆ ಮತ್ತು ಕಾಲಿನ ನಡುವೆ 35 ಮಿಲಿಮೀಟರ್ ಅಂತರ! ಇಂಗ್ಲಿಷಿನ ‘ಜಿ’, ‘ವೈ’ ಅಕ್ಷರಗಳ ಬಾಲವೂ ಎಡಕ್ಕೆ ಸರಿಯುತ್ತದೆ ನಿಜ. ಆದರೆ ಆ ಬಾಲ ಅಕ್ಷರಕ್ಕೇ ಅಂಟಿಕೊಂಡಿದೆ. ಕನ್ನಡದ ಒತ್ತು ಬಿಡಿಯಾಗಿ ನಿಂತಿರುತ್ತದೆ. ಅದು ಯಾವ ಅಕ್ಷರಕ್ಕೆ ಸೇರಿದ್ದು ಅಂತ ಕಣ್ಣು ಗುರುತಿಸುವುದೇ ಅದು ನಿಂತ ಜಾಗದಿಂದ. ಜಾಗ ತಪ್ಪಿದರೆ ಒತ್ತು ಹಿಂದಿನ ಅಕ್ಷರದ ಮನೆಗೆ ನುಗ್ಗಿದ ಹಾಗೆ ಕಾಣುತ್ತದೆ.

ಇದರ ಮೇಲೆ ಇನ್ನೊಂದು ಸಂಗತಿ. ಪದದ ಮಧ್ಯೆ ‘ಆ’ ಸ್ವರ ಬರುವುದು ಕನ್ನಡದಲ್ಲಿ ಅಪರೂಪ. ಸಂಧಿ ಮಾಡಿ ‘ದೊಡ್ಡಾಲಹಳ್ಳಿ’ ಅಂತ ಬರೆಯುವವರೂ ಇದ್ದಾರೆ. ‘ದೊಡ್ಡಆಲಹಳ್ಳಿ’ ಎಂದು ಬರೆದಾಗ ಮೊದಲ ಸಲ ಬಂದವರು ‘ಡ್ಡ’ ಆದಮೇಲೆ ಕ್ಷಣ ನಿಂತು ಓದುತ್ತಾರೆ. ಅದರ ಮೇಲೆ ಓರೆಯನ್ನೂ ಹೊರಿಸಿದರೆ ಓದುವುದು ಇನ್ನೂ ನಿಧಾನ.

ಇದೇ ಪರೀಕ್ಷೆಯನ್ನು ಜಿಲ್ಲೆಯ ಬೇರೆ ಹೆಸರುಗಳಿಗೂ ಮಾಡಬಹುದು. ರಾಮನಗರ, ಮಾಗಡಿ, ಕನಕಪುರ, ಸಾತನೂರು, ಸಂಗಮ, ಮೇಕೆದಾಟು: ಇವುಗಳಲ್ಲಿ ಒಂದು ಒತ್ತಕ್ಷರವೂ ಇಲ್ಲ. ವಾಲಿಸಿದರೂ ಹೇಗೋ ಓದಬಹುದು. ಚನ್ನಪಟ್ಟಣದಲ್ಲಿ ಎರಡು ಒತ್ತು, ಹಾರೋಹಳ್ಳಿಯಲ್ಲಿ ಒಂದು, ಬೆಂಗಳೂರು ದಕ್ಷಿಣದಲ್ಲಿ ‘ಕ್ಷಿ’ ಇದೆ. ಒಂದೇ ಫಾಂಟು, ಒಂದೇ ಓರೆ. ಒಂದು ಊರಿಗೆ ಒಗ್ಗಿದ್ದು ಇನ್ನೊಂದು ಊರಿಗೆ ಒಗ್ಗುವುದಿಲ್ಲ. ಸರಣಿಯಲ್ಲಿ ಬೋರ್ಡು ಮಾಡಿಸುವವರು ‘ರಾಮನಗರ’ ಚೆನ್ನಾಗಿ ಬಂತು ಅಂತ ಎಲ್ಲಕ್ಕೂ ಅದನ್ನೇ ಹಾಕಿದರೆ ಏಮಾರುವುದು ಇಲ್ಲೇ.

ಸಣ್ಣ ಸೀಳು, ದೊಡ್ಡ ವ್ಯತ್ಯಾಸ

ಕನ್ನಡದಲ್ಲಿ ಕೆಲವು ಅಕ್ಷರಗಳ ವ್ಯತ್ಯಾಸ ಒಂದು ಚಿಕ್ಕ ಗೆರೆಯಲ್ಲಿದೆ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಬ’ ಮತ್ತು ‘ಭ’ ನೋಡಿ. ಬುಡದ ಸಣ್ಣ ಸೀಳೇ ಮಹಾಪ್ರಾಣದ ಗುರುತು. ‘ವ’ಗೂ ‘ಮ’ಗೂ, ‘ಪ’ಗೂ ‘ಷ’ಗೂ ಇರುವ ವ್ಯತ್ಯಾಸವೂ ಸಣ್ಣದೇ.

ಯಂತ್ರದ ಓರೆಯಲ್ಲಿ ಗೆರೆಯ ದಪ್ಪ ಏರುಪೇರಾದಾಗ ಮೊದಲು ಮುಚ್ಚಿಹೋಗುವುದು ಇಂಥ ಸೀಳುಗಳೇ. ದೊಡ್ಡ ಬೋರ್ಡಿನಲ್ಲಿ ಇದು ಗೊತ್ತಾಗದಿರಬಹುದು. ಔಷಧಿ ಚೀಟಿ, ಕರಪತ್ರದ ಕೆಳಗಿನ ಷರತ್ತು, ಮೊಬೈಲ್ ಪರದೆಯಂಥ ಸಣ್ಣ ಅಳತೆಯಲ್ಲಿ ಅದು ಅಡ್ಡ ಬರುತ್ತದೆ. ವಯಸ್ಸಾದವರು ಕಾಗದ ದೂರ ಹಿಡಿದು, ಹತ್ತಿರ ಹಿಡಿದು ಓದುವುದಕ್ಕೆ ಕಣ್ಣೊಂದೇ ಕಾರಣ ಅಲ್ಲ, ಕೆಲವು ಸಲ ಅಕ್ಷರವೂ ಕಾರಣ.

ಓದುವುದರಲ್ಲಿ ಕಷ್ಟ ಇರುವ ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಇಟಾಲಿಕ್ ಮತ್ತು ಅಡಿಗೆರೆ ಎರಡನ್ನೂ ಬಿಡಿ, ಒತ್ತು ಕೊಡಬೇಕಾದರೆ ದಪ್ಪಕ್ಷರ ಬಳಸಿ ಎಂದು ಹೇಳುತ್ತದೆ. ಅದು ಇಂಗ್ಲಿಷ್ ಓದುವ ಮಕ್ಕಳಿಗೆ ಹೇಳಿದ ಮಾತು. ಒತ್ತಕ್ಷರ ಇರುವ ಕನ್ನಡಕ್ಕೆ ಅದು ಒಂದು ಕೈ ಜಾಸ್ತಿಯೇ ಅನ್ವಯಿಸುತ್ತದೆ ಅನ್ನಲು ಮೇಲಿನ ಲೆಕ್ಕ ಸಾಕು.

ರಸ್ತೆಯ ಫಲಕಕ್ಕೂ ಇದೇ ಮಾತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಊರಿನ ಹೆಸರು ಓದಲು ಮೂರು ಸೆಕೆಂಡ್ ಹಿಡಿದರೆ 50 ಮೀಟರ್ ಕಳೆದುಹೋಯಿತು. ತಿರುವು ಹತ್ತಿರ ಇದ್ದರೆ ಆ 50 ಮೀಟರ್‌ಗೆ ಬೆಲೆ ಇದೆ. ಭಾನುವಾರ ಸಂಗಮಕ್ಕೆ ಬರುವ ಹೊರಗಿನ ಗಾಡಿಗಳಿಗಂತೂ ದಾರಿ ಗೊತ್ತಾಗುವುದು ಫಲಕದಿಂದಲೇ.

ಕನ್ನಡ ಫಾಂಟುಗಳಲ್ಲಿ ಓರೆ ಇದೆಯಾ?

ನಾವು ದಿನಾ ನೋಡುವ ಕನ್ನಡ ಫಾಂಟುಗಳಲ್ಲಿ ನಿಜವಾದ ಓರೆ ರೂಪ ಸಿಗುವುದು ಕಡಿಮೆ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ ಫಾಂಟಿನಲ್ಲಿ ಓರೆ ಇರಲಿಲ್ಲ. ಆಮೇಲೆ ವಿಂಡೋಸ್ 8ರಲ್ಲಿ ಬಂದ ನಿರ್ಮಲಾ ಯುಐನಲ್ಲಿ ತೆಳು, ಸಾಧಾರಣ, ದಪ್ಪ ರೂಪ ಇವೆ, ಓರೆ ಇಲ್ಲ. ಗೂಗಲ್‌ನ ನೋಟೊ ಸ್ಯಾನ್ಸ್ ಕನ್ನಡದಲ್ಲಿ ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಒಂಬತ್ತು ಹಂತ ಇವೆ, ಓರೆ ಇಲ್ಲ. ಅದೇ ನೋಟೊದ ಇಂಗ್ಲಿಷ್ ರೂಪಕ್ಕೆ ಇಟಾಲಿಕ್ ಇದೆ. ಮುಂಬೈನ ಏಕ್ ಟೈಪ್ ಸಂಸ್ಥೆ 2022ರಲ್ಲಿ ತಂದ ಅನೇಕ್ ಫಾಂಟು ಒಂಬತ್ತು ಭಾರತೀಯ ಲಿಪಿ ಮತ್ತು ಇಂಗ್ಲಿಷಿಗೆ ಒಟ್ಟಿಗೆ ಮಾಡಿದ್ದು. ಅದರ ಕನ್ನಡದಲ್ಲಿ ಅಕ್ಷರವನ್ನು ಕಿರಿದು ಮಾಡಬಹುದು, ಅಗಲ ಮಾಡಬಹುದು, ತೆಳು ದಪ್ಪ ಮಾಡಬಹುದು. ಅಲ್ಲೂ ಓರೆ ಇಲ್ಲ.

ಹಾಗಂತ ಯಾರೂ ಪ್ರಯತ್ನವೇ ಮಾಡಿಲ್ಲ ಅಂತಲ್ಲ. ಲಿನಕ್ಸ್ ಬಳಸುವವರಿಗೆ ಪರಿಚಯ ಇರುವ ಕೇದಗೆ ಮತ್ತು ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ಸಾಧಾರಣ, ದಪ್ಪ, ಓರೆ, ದಪ್ಪ ಓರೆ ಎಂದು ನಾಲ್ಕು ರೂಪದಲ್ಲಿ ಬಂದಿದ್ದವು. ಆದರೆ ಆಮೇಲೆ ಬಂದ ದೊಡ್ಡ ಫಾಂಟುಗಳು ಆ ದಾರಿಯನ್ನು ಹಿಡಿಯಲಿಲ್ಲ.

ಕಾರಣ ಕೆಲಸದ ಗಾತ್ರ. ಇಂಗ್ಲಿಷಿಗೆ ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ, ಚಿಹ್ನೆ ಸೇರಿಸಿದರೆ ಮೂಲ ಕೆಲಸ ಮುಗಿಯುತ್ತದೆ. ಕನ್ನಡದ ವರ್ಣಮಾಲೆ 49 ಅಂತ ಹೇಳುತ್ತೇವೆ, ಆದರೆ ಫಾಂಟಿಗೆ ಅಷ್ಟು ಸಾಲದು. ಪ್ರತಿ ವ್ಯಂಜನಕ್ಕೂ ಒತ್ತಿನ ರೂಪ ಬೇಕು. ‘ಕ’ ಬೇರೆ, ‘ಕಿ’ ಬೇರೆ, ‘ಕೆ’ ಬೇರೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತು ಒಂದರ ಜೊತೆ ಒಂದು ನಿಲ್ಲಬೇಕು. ಹೀಗೆ ನೂರಾರು ಆಕಾರ ಬರೆಯಬೇಕು. ಓರೆ ರೂಪ ಬೇಕು ಅಂದರೆ ಇಷ್ಟನ್ನೂ ಎರಡನೇ ಸಲ ಬರೆಯಬೇಕು. ಅಷ್ಟು ದುಡ್ಡು, ಸಮಯ ಹಾಕುವವರು ಕಡಿಮೆ.

ಹಾಗಾಗಿ ಇವತ್ತು ಕನ್ನಡದಲ್ಲಿ ಕಾಣುವ ಓರೆ ಅಕ್ಷರದಲ್ಲಿ ಹೆಚ್ಚಿನದು ಯಾರೂ ಕೂತು ಬರೆದದ್ದಲ್ಲ, ಕಂಪ್ಯೂಟರ್ ತಳ್ಳಿದ್ದು. ಒಂದೇ ಸಾಲಿನಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇದ್ದು ಇಟಾಲಿಕ್ ಗುಂಡಿ ಒತ್ತಿದರೆ, ಇಂಗ್ಲಿಷಿಗೆ ತಜ್ಞರು ಬರೆದ ಇಟಾಲಿಕ್ ಸಿಗುತ್ತದೆ, ಕನ್ನಡಕ್ಕೆ ತಳ್ಳಿದ ಓರೆ ಸಿಗುತ್ತದೆ. ಪಕ್ಕಪಕ್ಕ ಇಟ್ಟಾಗ ಕನ್ನಡವೇ ಅಂದವಿಲ್ಲ ಅನ್ನಿಸಿಬಿಡುತ್ತದೆ. ತಪ್ಪು ಕನ್ನಡದ್ದಲ್ಲ.

ಇಟಾಲಿಕ್ ಮಾಡೋ ಕೆಲಸ ಕನ್ನಡದಲ್ಲಿ ಯಾರು ಮಾಡ್ತಾರೆ?

ಇಂಗ್ಲಿಷಿನಲ್ಲಿ ಇಟಾಲಿಕ್‌ಗೆ ಕೆಲವು ಗೊತ್ತಾದ ಕೆಲಸಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಮಾತಿಗೆ ಒತ್ತು. ‘ಅವನು ಬಂದ’ ಎಂಬ ವಾಕ್ಯದಲ್ಲಿ ಬೇರೆ ಯಾರೂ ಅಲ್ಲ, ಅವನೇ ಎಂದು ಹೇಳಲು ಇಂಗ್ಲಿಷಿನವರು ‘ಅವನು’ ಎಂಬ ಪದವನ್ನು ಓರೆ ಮಾಡುತ್ತಾರೆ. ಕನ್ನಡದಲ್ಲಿ ಆ ಕೆಲಸ ಮಾಡಲು ‘ಏ’ ಇದೆ: ಅವನೇ ಬಂದ. ‘ಊ’ ಇದೆ: ಅವನೂ ಬಂದ. ‘ಅಂತೂ’ ಇದೆ: ಅವನಂತೂ ಬಂದ. ಇಂಗ್ಲಿಷಿನವರು ಅಕ್ಷರವನ್ನು ವಾಲಿಸಿ ತರುವ ಅರ್ಥವನ್ನು ನಾವು ಮಾತಿನಲ್ಲೇ ತರುತ್ತೇವೆ. ಹಂಗಾಗಿ ಈ ಕೆಲಸಕ್ಕೆ ಕನ್ನಡಕ್ಕೆ ಓರೆಯ ಹಂಗೇ ಇಲ್ಲ.

ಎರಡನೆಯದು, ಪುಸ್ತಕ, ಸಿನಿಮಾ ಹೆಸರು. ಕನ್ನಡ ಪತ್ರಿಕೆಗಳು ಇದಕ್ಕೆ ಮೊದಲಿಂದಲೂ ಒಂಟಿ ಉದ್ಧರಣ ಚಿಹ್ನೆ ಹಾಕುತ್ತವೆ. ಓದುಗರಿಗೂ ಅದು ರೂಢಿ.

ಮೂರನೆಯದು, ಜೀವಿಗಳ ವೈಜ್ಞಾನಿಕ ಹೆಸರು. ಇದು ನಮ್ಮ ಜಿಲ್ಲೆಗೆ ಹತ್ತಿರದ ವಿಷಯ. ರೇಷ್ಮೆ ಹುಳುವಿನ ಹೆಸರು ಬಾಂಬಿಕ್ಸ್ ಮೋರಿ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರದ ಹೆಸರು ರೈಟಿಯಾ ಟಿಂಕ್ಟೋರಿಯಾ. ರಾಗಿಯ ಹೆಸರು ಎಲುಸಿನ್ ಕೊರಕಾನಾ. ಇಂಗ್ಲಿಷ್ ಪುಸ್ತಕದಲ್ಲಿ ಇವನ್ನು ಯಾವಾಗಲೂ ಇಟಾಲಿಕ್‌ನಲ್ಲೇ ಅಚ್ಚು ಹಾಕುತ್ತಾರೆ, ಮೊದಲ ಪದ ದೊಡ್ಡಕ್ಷರದಿಂದ ಶುರುವಾಗುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬುದೇ ಇಲ್ಲ. ಹಾಗಾಗಿ ಕೃಷಿ ಕರಪತ್ರದಲ್ಲಿ ಇಂಥ ಹೆಸರನ್ನು ದಪ್ಪಕ್ಷರದಲ್ಲೋ ಚಿಹ್ನೆಯೊಳಗೋ ಇಡುವುದು ಸುಲಭ. ಇಂಗ್ಲಿಷ್ ಲಿಪಿಯಲ್ಲೇ ಕೊಡುವುದಾದರೆ ಇಟಾಲಿಕ್ ಹಾಕಲೇಬೇಕು, ಅಲ್ಲಿ ಅದು ಸರಿ.

ನಾಲ್ಕನೆಯದು, ವೇಗ ತೋರಿಸುವುದು. ಕ್ರೀಡೆ, ವಾಹನ, ಕೊರಿಯರ್ ಸಂಸ್ಥೆಗಳ ಲೋಗೊಗಳಲ್ಲಿ ಅಕ್ಷರ ವಾಲಿರುವುದು ಇದಕ್ಕೇ. ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸಿನಲ್ಲಿ ತಂಡದ ಹೆಸರು ಓರೆಯಾಗಿದ್ದರೆ ಅದು ಚೆಂದವೇ. ದೊಡ್ಡ ಗಾತ್ರ, ಎರಡು ಮೂರು ಪದ, ಎಲ್ಲರಿಗೂ ಗೊತ್ತಿರುವ ಹೆಸರು. ಅಲ್ಲಿ ತೊಂದರೆ ಇಲ್ಲ. ಪಂದ್ಯದ ದಿನಾಂಕ, ಜಾಗ, ಪ್ರವೇಶ ಶುಲ್ಕ ಮಾತ್ರ ನೆಟ್ಟಗಿರಲಿ.

ಕನ್ನಡದ ಸ್ವಂತ ಓರೆ ಎಲ್ಲಿದೆ?

ಇಟಾಲಿಕ್ ಹುಟ್ಟಿದ್ದು ವೇಗದ ಕೈಬರಹದಿಂದ ಅಂತ ಮೇಲೆ ನೋಡಿದೆವು. ಕನ್ನಡಕ್ಕೂ ಅಂಥದ್ದೊಂದು ಬರವಣಿಗೆ ಇತ್ತು. ಅದೇ ಮೋಡಿ. ಹಿಂದೆ ಶಾನುಭೋಗರು, ಮಠಗಳ ಲೆಕ್ಕ ಬರೆಯುವವರು ಕಪ್ಪು ಕಡತದ ಮೇಲೆ ಕೈ ಎತ್ತದೆ ಸರಸರ ಬರೆಯುತ್ತಿದ್ದ ಬರಹ. ಶೃಂಗೇರಿ ಮಠದ ಹಳೆಯ ಕಡತಗಳು ಮೋಡಿ ಕನ್ನಡದಲ್ಲಿವೆ. ಅಕ್ಷರಗಳು ಒಂದಕ್ಕೊಂದು ಸೇರಿಕೊಂಡು, ತಲೆಕಟ್ಟು ಕರಗಿ, ರೂಪವೇ ಬದಲಾಗಿರುತ್ತದೆ. ಇವತ್ತು ಅದನ್ನು ಓದಬಲ್ಲವರು ಬೆರಳೆಣಿಕೆ.

ನಿಜವಾದ ಕನ್ನಡ ಇಟಾಲಿಕ್ ಒಂದು ಬರಬೇಕಾದರೆ ಅದರ ಬೇರು ಇಂಥ ಕಡೆ ಇರಬೇಕು, ಇಂಗ್ಲಿಷಿನ ಡಿಗ್ರಿ ಲೆಕ್ಕದಲ್ಲಿ ಅಲ್ಲ. ನೆಟ್ಟಗಿನ ಅಕ್ಷರದ ಪಕ್ಕದಲ್ಲಿ ಬೇರೆಯಾಗಿ ಕಾಣುವ, ಆದರೆ ಒತ್ತು ಗುಡಿಸು ತಮ್ಮ ಜಾಗದಲ್ಲೇ ಉಳಿಯುವ ಕೈಬರಹದ ರೂಪ ಅದು ಆಗಬಹುದು. ವಾಲಲೇಬೇಕು ಅಂತ ನಿಯಮ ಏನೂ ಇಲ್ಲ. ಅರವಿಂದ ವಿ.ಕೆ. ಅವರು ಮಾಡಿದ ನವಿಲು ಎಂಬ ಮುಕ್ತ ಫಾಂಟು ಕೈಬರಹದ ಶೈಲಿಯದು. ಅವರದೇ ಗುಬ್ಬಿ ಫಾಂಟು ಅಚ್ಚಿನ ಶೈಲಿಯದು. ಪುಟದ ಮುಖ್ಯ ಬರಹಕ್ಕೆ ಗುಬ್ಬಿ ಹಾಕಿ, ಬೇರೆಯಾಗಿ ಕಾಣಬೇಕಾದ ಸಾಲಿಗೆ ನವಿಲು ಹಾಕಿದರೆ ಇಟಾಲಿಕ್ ಮಾಡುವ ಕೆಲಸ ಅಲ್ಲಿ ಆಗಿಯೇ ಹೋಯಿತು. ಎರಡೂ ಪುಕ್ಕಟೆ ಸಿಗುತ್ತವೆ.

ಬೋರ್ಡು ಬರೆಸುವ ಮುಂಚೆ ಇಷ್ಟು ನೋಡಿ

- ಊರಿನ ಹೆಸರು, ಅಂಗಡಿಯ ಹೆಸರು, ಫೋನ್ ನಂಬರ್, ಬಾಣದ ಗುರುತಿನ ಪಕ್ಕದ ಪದ: ಇವು ನೆಟ್ಟಗಿನ ಅಕ್ಷರದಲ್ಲೇ ಇರಲಿ.

- ಹೆಸರಲ್ಲಿ ಒತ್ತಕ್ಷರ ಎಷ್ಟಿದೆ ಎಣಿಸಿ. ಒಂದಾದರೂ ಇದ್ದರೆ ಓರೆ ಬೇಡ. ಇಲ್ಲದಿದ್ದರೆ, ಗಾತ್ರ ದೊಡ್ಡದಿದ್ದರೆ, ಪರವಾಗಿಲ್ಲ.

- ಓರೆ ಬೇಕೇ ಬೇಕು ಅನ್ನುವವರು 14 ಡಿಗ್ರಿ ಬಿಟ್ಟು 6ರಿಂದ 8 ಡಿಗ್ರಿಗೆ ಇಳಿಸಲಿ. 100 ಮಿಲಿಮೀಟರ್ ಅಕ್ಷರದ ತಲೆ ಆಗ 10ರಿಂದ 14 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಡಿಸೈನ್ ಮಾಡುವವರಿಗೆ ಹೇಳಿ ಒತ್ತನ್ನು ಕೈಯಾರೆ ಸ್ವಲ್ಪ ಬಲಕ್ಕೆ ತರಿಸಿ.

- ಒತ್ತು ಕೊಡಬೇಕಾದ ಪದಕ್ಕೆ ದಪ್ಪಕ್ಷರ, ಬೇರೆ ಬಣ್ಣ ಅಥವಾ ದೊಡ್ಡ ಗಾತ್ರ ಬಳಸಿ. ಅಡಿಗೆರೆ ಎಳೆದರೆ ಅದು ಒತ್ತಕ್ಷರದ ಮೇಲೇ ಹಾದುಹೋಗುತ್ತದೆ, ಅದೂ ಬೇಡ.

- ಸಾಲುಗಳ ನಡುವೆ ಜಾಗ ಬಿಡಿಸಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

- ಶಾಲೆಯ ಪ್ರಶ್ನೆಪತ್ರಿಕೆ, ಆಸ್ಪತ್ರೆಯ ಸೂಚನೆ, ಪಂಚಾಯಿತಿ ನೋಟಿಸಿನಲ್ಲಿ ಪೂರ್ತಿ ಪ್ಯಾರಾವನ್ನು ಓರೆ ಮಾಡಬೇಡಿ.

- ಅಚ್ಚಿಗೆ ಕೊಡುವ ಮುಂಚೆ ವಿನ್ಯಾಸವನ್ನು ಮೊಬೈಲಿಗೆ ಹಾಕಿಸಿಕೊಂಡು, ಅಕ್ಷರ ಬೆರಳುಗುರಿನಷ್ಟು ಕಾಣುವ ಹಾಗೆ ಚಿಕ್ಕದು ಮಾಡಿ ಮನೆಯ ಹಿರಿಯರಿಗೆ ತೋರಿಸಿ. ಅವರು ತಡವರಿಸದೆ ಓದಿದರೆ ಬೋರ್ಡು ಗೆದ್ದ ಹಾಗೆ.

ವೆಬ್‌ಸೈಟ್ ನಡೆಸುವವರಿಗೆ ಇನ್ನೊಂದು ಮಾತು. ಫಾಂಟಿನಲ್ಲಿ ಓರೆ ಇಲ್ಲದಿದ್ದರೆ ನೀನಾಗಿ ವಾಲಿಸಬೇಡ ಎಂದು ಬ್ರೌಸರ್‌ಗೆ ಹೇಳುವ ಸೌಲಭ್ಯ ಈಗ ಇದೆ. ಪುಟದ ವಿನ್ಯಾಸದಲ್ಲಿ ಫಾಂಟ್ ಸಿಂಥೆಸಿಸ್ ಎಂಬ ಗುಣಕ್ಕೆ ‘ನನ್’ ಎಂದು ಕೊಟ್ಟರೆ ಇಂಗ್ಲಿಷ್ ಪದಗಳು ತಮ್ಮ ಇಟಾಲಿಕ್‌ನಲ್ಲಿ ಬರುತ್ತವೆ, ಕನ್ನಡ ನೆಟ್ಟಗೆ ಉಳಿಯುತ್ತದೆ. ಆದರೆ ಹೀಗೆ ಮಾಡಿದಾಗ ಫಾಂಟಿನಲ್ಲಿ ದಪ್ಪಕ್ಷರದ ರೂಪ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ದಪ್ಪವೂ ಬರುವುದಿಲ್ಲ.

ಬೋರ್ಡು ಒಂದು ಸಲ ಏರಿದರೆ ನಾಲ್ಕೈದು ವರ್ಷ ಇಳಿಯುವುದಿಲ್ಲ. ಹೊಸ ಬೋರ್ಡಿಗೆ ಅಡ್ವಾನ್ಸ್ ಕೊಡುವ ಮೊದಲು ನೆಟ್ಟಗಿನದೊಂದು, ಓರೆಯದೊಂದು ಎರಡೂ ಮಾದರಿ ಹಾಕಿಸಿ, ರಸ್ತೆಯ ಆಚೆ ಬದಿ ನಿಂತು ನೋಡಿ. ಯಾವುದು ಮೊದಲು ಓದಿಸಿಕೊಳ್ಳುತ್ತದೋ ಅದನ್ನೇ ಬರೆಸಿ.